ತವರಿನ ಸೀರೆ ಬರುವತನಕ

ಒಂದೇ ಒಂದು ಮಾತು. ಅದನ್ನು ಹೇಳಿಬಿಟ್ಟಿದ್ದರೆ ಪುಟ್ಟಸಿದ್ದಮ್ಮನ ಹೆಣಕ್ಕೆ ಮಧ್ಯಾಹ್ನದೊಳಗೆ ಗುಂಡಿ ಸಿದ್ಧವಾಗುತ್ತಿತ್ತು.

"ನಾನು ಪ್ರಾರ್ಥನೆಗೆ ಓಗಾದು ಬುಟ್ಟೆ ಅಂತ ಬೀದಿ ಮುಂದೆ ಏಳ್ಬುಡು ಲಕ್ಷ್ಮಿದೇವಿ. ಹಣೆಗೆ ಇಷ್ಟು ಈಬೂತಿ ಇಕ್ಕೋ. ಐಕ್ಳು ಆರೆ ಸನಿಕೆ ತಕ್ಕಂದು ಈಗಿಂದೀಗ್ಲೇ ಒಂಟೋಯ್ತರೆ," ಅಂದ ಬೀದಿಯ ಯಜಮಾನ ಚೆಲುವಯ್ಯ. ಎದುರು ಮನೆ ಜಗಲಿ ಮೇಲೆ ಕೂತಿದ್ದ. ಅವನ ಹಿಂದೆ ಬೀದಿಯ ಗಂಡಸರೆಲ್ಲ ನಿಂತಿದ್ದರು. ಒಬ್ಬರ ಕೈಯಲ್ಲೂ ಹಾರೆ ಇರಲಿಲ್ಲ.

ಲಕ್ಷ್ಮಿದೇವಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ, ಗೋಡೆಗೆ ಒರಗಿಸಿ ಕೂರಿಸಿದ ಅತ್ತೆಯ ಹೆಣ. ಬೆಳಗ್ಗೆ ಅಂಬಲಿ ಕುಡಿಸಲು ತಲೆ ಎತ್ತಿದಾಗ ಮುದುಕಿ ಒಂದು ಸಲ ಕಣ್ಣು ಬಿಟ್ಟು ನೋಡಿ, ಬಾಯಿಗೆ ಹಾಕಿದ್ದನ್ನು ನುಂಗದೆ ಹೋಗಿಬಿಟ್ಟಿದ್ದಳು. ಕೆರೆ ಏರಿಯ ಕೆಳಗೆ ಬೀದಿಯವರ ಮಸಣವಿದೆ. ಅಲ್ಲಿ ಗಂಡನ ಮಗ್ಗುಲಿಗೆ ತನಗೊಂದು ಜಾಗ ಅಂತ ಪುಟ್ಟಸಿದ್ದಮ್ಮ ಬದುಕಿದ್ದಾಗಲೇ ಕೈ ತೋರಿಸಿ ಇಟ್ಟಿದ್ದಳು. ಬೇರೆ ಏನನ್ನೂ ಅವಳು ಯಾರ ಹತ್ತಿರವೂ ಕೇಳಿದವಳಲ್ಲ.

ಮುದ್ದನಕೊಪ್ಪಲು ಅನ್ನುವುದು ಪಿರಿಯಾಪಟ್ಟಣದಿಂದ ಬೆಟ್ಟದಪುರದ ಕಡೆ ಹೋಗುವಾಗ ಸಿಗುವ ಸಣ್ಣ ಊರು. ಹೊಗೆಸೊಪ್ಪಿನ ಕಾಲ. ಸೊಪ್ಪನ್ನು ಬೆಂಕಿಯಿಟ್ಟು ಒಣಗಿಸುವ ಬ್ಯಾರನ್‌ಗಳೆಲ್ಲ ಹೊಗೆಯಾಡುತ್ತಿದ್ದವು. ಬೆಳಗಿನಿಂದ ಬಿಸಿಲು ಚುರುಗುಟ್ಟುತ್ತಿತ್ತು, ಕೊಡಗಿನ ಕಡೆ ಮಾತ್ರ ಆಕಾಶ ಕಪ್ಪಿಟ್ಟುಕೊಂಡು ಬರುತ್ತಿತ್ತು. ಮಳೆ ಬಿತ್ತೋ, ಕೆರೆ ಏರಿ ಕೆಳಗಿನ ಮಣ್ಣಿನಲ್ಲಿ ಗುಂಡಿ ನಿಲ್ಲುವುದಿಲ್ಲ. ತೋಡಿದಷ್ಟೂ ಕುಸಿಯುತ್ತದೆ, ನೀರು ತುಂಬುತ್ತದೆ. ಅದು ಚೆಲುವಯ್ಯನಿಗೂ ಗೊತ್ತು, ಹಿಂದೆ ನಿಂತ ಗಂಡಸರಿಗೂ ಗೊತ್ತು. ಗೊತ್ತಿದ್ದೇ ಸುಮ್ಮನೆ ನಿಂತಿದ್ದರು.

ಬೇವಿನ ಮರದಡಿ ಒಂದು ಬುಲೆಟ್ ಬೈಕು ನಿಂತಿತ್ತು. ಅದರ ಮೇಲೆ ಮೇಗಲ ಕೇರಿಯ ಮಹೇಂದ್ರ ಮೊಬೈಲು ನೋಡುತ್ತಾ ಕೂತಿದ್ದ. ಬೀದಿಯ ಅರ್ಧ ಹೆಂಗಸರು ಕಡ್ಡಿಗೆ ಸೊಪ್ಪು ಕಟ್ಟುವುದು ಅವನ ಬ್ಯಾರನ್‌ನಲ್ಲೇ. "ನಿಮ್ ಬೀದೀಲಿ ಮತ ಬುಟ್ಟೋರ್ನ ಇಟ್ಕಂದ್ರೆ ನನ್ ಕೆಲ್ಸುಕ್ ಬರ್ಬ್ಯಾಡಿ" ಅಂತ ಅವನು ಹಿಂದಿನ ವಾರವೇ ಚೆಲುವಯ್ಯನ ಕಿವಿಗೆ ಹಾಕಿದ್ದ. ಇದೇ ಮಹೇಂದ್ರನ ಕೇರಿಯಲ್ಲೊಂದು ಗುಡಿ ಇದೆ. ಅದರ ಹೊಸ್ತಿಲನ್ನು ಚೆಲುವಯ್ಯನಾಗಲಿ ಅವನಪ್ಪನಾಗಲಿ ಇವತ್ತಿನವರೆಗೂ ತುಳಿದಿಲ್ಲ. ಹಣ್ಣುಕಾಯಿ ಹೊರಗೆ ಇಟ್ಟು ದೂರ ಸರಿದು ನಿಲ್ಲಬೇಕು. ಒಳಕ್ಕೆ ಬಿಟ್ಟುಕೊಳ್ಳದ ಮನೆಯನ್ನು ಬಿಟ್ಟು ಹೋದಳು ಅಂತ ಒಬ್ಬ ಹೆಂಗಸಿನ ಮೇಲೆ ಇವರಿಗೆ ಈ ಪಾಟಿ ಸಿಟ್ಟು.

ಲಕ್ಷ್ಮಿದೇವಿ ಬಿಟ್ಟು ಹೋಗಿದ್ದು ಯಾಕೆ, ಹೋಗಿದ್ದಾದರೂ ಎಲ್ಲಿಗೆ ಅಂತ ಕೇಳಿದವರು ಯಾರೂ ಇಲ್ಲ. ಅಕ್ಕಿ ಮೂಟೆಗೆ ಹೋದಳು ಅಂದರು. ಅವಳ ಮನೆಗೆ ಬರುವುದು ನ್ಯಾಯಬೆಲೆ ಅಂಗಡಿಯ ಅಕ್ಕಿ, ಮಾತಾಡಿದವರ ಮನೆಗೂ ಬರುವ ಅದೇ ಅಕ್ಕಿ.

ಅವಳ ಗಂಡ ಮಹೇಶ ಪಿರಿಯಾಪಟ್ಟಣದ ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲು, ಅಂದರೆ ದೊಡ್ಡ ಪಿಂಡಿ, ಹೊರುತ್ತಿದ್ದ. ಒಂದು ದಿನ ಪೇರಿಸಿದ್ದ ಬೇಲುಗಳು ಬೆನ್ನ ಮೇಲೆ ಉರುಳಿದವು. ಮೈಸೂರಿನ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಅವನನ್ನು ಮಲಗಿಸಿಕೊಂಡು ಇವಳು ಮಂಚದ ಕೆಳಗೆ ಮಲಗುತ್ತಿದ್ದಳು. ಪಕ್ಕದ ಮಂಚದ ರೋಗಿಗೆ ಜೊತೆಯಾಗಿ ಬಂದಿದ್ದವಳು ಕೆ.ಆರ್. ನಗರದ ಕಡೆಯ ಮುದುಕಿ, ಜ್ಞಾನಮ್ಮ ಅಂತ. ತನ್ನ ಗಂಜಿಯಲ್ಲಿ ಅರ್ಧ ಇವಳ ಲೋಟಕ್ಕೆ ಸುರಿಯುತ್ತಿದ್ದಳು. ಒಂದು ಸಾಯಂಕಾಲ ಡಾಕ್ಟರು ಇವನು ಎದ್ದು ನಡೆಯುವುದಿಲ್ಲ ಅಂದು ಹೋದರು. ಲಕ್ಷ್ಮಿದೇವಿಗೆ ಅಳುವುದಕ್ಕೂ ಬರಲಿಲ್ಲ. ಜ್ಞಾನಮ್ಮ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತು, ಇವಳ ತಲೆ ಮೇಲೆ ಕೈ ಇಟ್ಟಳು. "ಯೇಸಪ್ಪಾ, ಈ ಮಗೀನ್ ಜೊತೆ ಕೂತ್ಕೋ. ಎದ್ದೋಗ್ಬ್ಯಾಡ."

ಅಷ್ಟೇ ಪ್ರಾರ್ಥನೆ. ವಾಸಿ ಮಾಡು ಅನ್ನಲಿಲ್ಲ, ಎಬ್ಬಿಸು ಅನ್ನಲಿಲ್ಲ. ಮದುವೆಯಾಗಿ ಬಂದಾಗಿನಿಂದ, ಮಕ್ಕಳಾಗದ ದಿನಗಳಲ್ಲಿ, ಹರಕೆ ಹೊತ್ತ ದಿನಗಳಲ್ಲಿ, ಯಾರೂ ಯಾವ ದೇವರನ್ನೂ ಅವಳ ಪಕ್ಕದಲ್ಲಿ ಕೂತ್ಕೋ ಅಂತ ಕರೆದಿರಲಿಲ್ಲ. ಎಲ್ಲ ದೇವರೂ ಏನಾದರೂ ತಂದುಕೊಡು ಅನ್ನುತ್ತಿದ್ದವು.

ಹುಣಸೂರಿನ ಪ್ರಾರ್ಥನೆ ಮನೆಗೆ ಹೋದದ್ದು ಆಮೇಲೆ. ಅಲ್ಲಿ ಶರತ್ ಅಂತ ಹರೆಯದ ಪಾಸ್ಟರು. ಒಳ್ಳೆಯವರೇ, ಆದರೆ ಮಾತು ಜಾಸ್ತಿ. "ವಿಶ್ವಾಸ ಇದ್ರೆ ನಿಮ್ಮ ಯಜಮಾನರು ಎದ್ದು ನಡೀತಾರೆ ಸಿಸ್ಟರ್" ಅಂದರು. ಮಹೇಶ ಎದ್ದು ನಡೆಯಲಿಲ್ಲ, ಸತ್ತ. ಪ್ರಾರ್ಥನೆ ಮನೆಯ ಒಬ್ಬಾಕೆ ಬಂದು ನಿನ್ನ ವಿಶ್ವಾಸ ಸಾಲದಾಯ್ತು ಅಂದಳು. ಗಂಡನ ಸಾವನ್ನು ಹೆಂಡತಿಯ ತಲೆಗೆ ಕಟ್ಟುವುದಕ್ಕೆ ಯಾವ ಧರ್ಮದವರೂ ತಡಮಾಡುವುದಿಲ್ಲ. ಲಕ್ಷ್ಮಿದೇವಿ ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದಳು. ಒಂದು ಮಳೆಗಾಲ ಪೂರ್ತಿ ಯಾವ ದೇವರನ್ನೂ ಮಾತಾಡಿಸಲಿಲ್ಲ. ಆಮೇಲೊಂದು ದಿನ ಕಡ್ಡಿಗೆ ಸೊಪ್ಪು ಕಟ್ಟುತ್ತಾ ಕೂತಿದ್ದಾಗ, ಬೆರಳಿಗೆ ಹತ್ತಿದ ಕರೀ ಅಂಟನ್ನು ತಿಕ್ಕುತ್ತಾ, ತನಗೇ ತಿಳಿಯದೆ ಬಾಯಲ್ಲಿ ಬಂತು: ಜೊತೇಲಿ ಕೂತ್ಕೋ. ಯಾರೋ ಕೂತ ಹಾಗೆ ಆಯಿತು. ಮುಂದಿನ ಭಾನುವಾರ ಹುಣಸೂರು ಬಸ್ಸು ಹತ್ತಿದಳು. ಯಾರ ಭರವಸೆಗೂ ಅಲ್ಲ, ತನ್ನ ಗರಜಿಗೆ ತಾನೇ ಹತ್ತಿದಳು.

ಸುದ್ದಿ ಹಬ್ಬಿತು. ಚೆಲುವಯ್ಯ ಬೇವಿನ ಮರದಡಿ ಕರೆಸಿದ. "ಓಯ್ತಿಯಂತಲ್ಲ?"

"ಇಲ್ಲ ಯಜಮಾನ್ರೇ. ಉಣಸೂರ್ಗೆ ಸಂತೆಗೆ ಓಯ್ತೀನಿ," ಅಂದಿದ್ದಳು ಲಕ್ಷ್ಮಿದೇವಿ. ಭಯಕ್ಕೆ ಅಂದಿದ್ದಳು.

ಅತ್ತೆ ಅಲ್ಲೇ ಇದ್ದಳು. ಸೊಸೆ ಪ್ರಾರ್ಥನೆಗೆ ಹೋಗುವುದನ್ನು ಕಂಡರೆ ಪುಟ್ಟಸಿದ್ದಮ್ಮನಿಗೆ ಮೈಯೆಲ್ಲ ಉರಿ. ಮನೆದೇವರು ಸಿದ್ದಪ್ಪಾಜಿಯ ಒಕ್ಕಲು ಅವಳು, ಸೋಮವಾರ ದೀಪ ಹಚ್ಚದೆ ಬಾಯಿಗೆ ನೀರು ಹಾಕಿದವಳಲ್ಲ. ಆದರೆ ಮನೆಗೆ ಬಂದ ಮೇಲೆ ಅವಳು ಬೈದದ್ದು ಬೇರೆಯದಕ್ಕೆ.

"ಅಲ್ಲ ಕಣಮ್ಮಿ, ನಾಲ್ಕ್ ಜನ ನೋಡ್ದೇಟ್ಗೆ ನಮ್ಮೋನಲ್ಲ ಅಂತೀಯಲ್ಲ, ಅವನೆಂಥ ದೇವ್ರು, ನೀನೆಂಥ ಒಕ್ಕಲು? ನನ್ನ ಕುತ್ಗೆ ಕುಯ್ದ್ರೂ ಸಿದ್ದಪ್ಪಾಜಿ ನನ್ ದೇವ್ರಲ್ಲ ಅನ್ನಾಕಿಲ್ಲ ನಾನು. ಥೂ, ಮಾನಗೆಟ್ಟೋಳೆ."

ಉಗಿದಿದ್ದು ಇನ್ನೂ ಮುಖದ ಮೇಲೇ ಇತ್ತು. ಪಾಸ್ಟರು ಮೈಕ್ ಹಿಡಿದು ಅಷ್ಟು ವರ್ಷ ಕಲಿಸದೇ ಇದ್ದದ್ದನ್ನು ಆ ಮುದುಕಿ ಒಂದು ಥೂ ಅನ್ನುವುದರಲ್ಲಿ ಕಲಿಸಿದ್ದಳು.

ಆಮೇಲೆ ಮುದುಕಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ತೊದಲಾಯಿತು. ಕಿರಿ ಮಗ ಚೇತನ ಲಾರಿ ಡ್ರೈವರು, ಮನೆಯಲ್ಲಿ ನಿಲ್ಲುವವನಲ್ಲ. ಉಚ್ಚೆ ಹೇಲು ಬಳಿದು, ಮಗ್ಗುಲು ಬದಲಿಸಿ, ತಲೆಗೆ ಹರಳೆಣ್ಣೆ ತಟ್ಟಿ ಮೂರು ವರ್ಷ ಸಾಕಿದವಳು ಲಕ್ಷ್ಮಿದೇವಿ. ಸೋಮವಾರ ಬಂದರೆ ಮುದುಕಿಯ ಕಣ್ಣು ಗೋಡೆಯ ಗೂಡಿನ ಕಡೆ ಹೋಗುತ್ತಿತ್ತು. ಗೂಡಿನಲ್ಲಿ ಸಿದ್ದಪ್ಪಾಜಿ ದೀಪ. ಮೊದಲ ಸೋಮವಾರ ಲಕ್ಷ್ಮಿದೇವಿ ನೋಡಿಯೂ ನೋಡದ ಹಾಗಿದ್ದಳು. ಮುದುಕಿ ಆ ದಿನ ನೀರು ಮುಟ್ಟಲಿಲ್ಲ. ಎರಡನೇ ಸೋಮವಾರ ಎದ್ದು ಬತ್ತಿ ಹೊಸೆದು, ಎಣ್ಣೆ ಹಾಕಿ, ಕಡ್ಡಿ ಗೀರಿದಳು. ಅತ್ತೆಯ ಎಡಗೈಯನ್ನು ಬಿದ್ದುಹೋದ ಬಲಗೈಗೆ ತಾನೇ ಜೋಡಿಸಿದಳು.

ಇದು ಪಾಸ್ಟರಿಗೆ ಗೊತ್ತಾಗಿದ್ದು ಅವಳೇ ಹೇಳಿದ್ದರಿಂದ. ಇನ್ನು ಸುಳ್ಳು ಹೇಳಬಾರದು ಅಂತ ಹೇಳಿದಳು. ಶರತ್ ಪಾಸ್ಟರ್ ಮುಖ ಸಣ್ಣದು ಮಾಡಿ, "ಅದನ್ನ ನಿಲ್ಸೋವರ್ಗೂ ನಿಮಗೆ ಕರ್ತನ ಮೇಜು ಇಲ್ಲ ಸಿಸ್ಟರ್" ಅಂದುಬಿಟ್ಟರು. ತಿಂಗಳ ಮೊದಲ ಭಾನುವಾರ ಕರ್ತನ ಹೆಸರಲ್ಲಿ ಎಲ್ಲರಿಗೂ ಹಂಚುವ ರೊಟ್ಟಿಯ ತಟ್ಟೆ ಅವಳ ಸಾಲಿಗೆ ಬಂದು, ಅವಳೊಬ್ಬಳನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ಬೀದಿಯಲ್ಲಿ ಪ್ರಾರ್ಥನೆಗೆ ಹೋದಳು ಅಂತ ದೂರ ಇಟ್ಟರು, ಪ್ರಾರ್ಥನೆ ಮನೆಯಲ್ಲಿ ದೀಪ ಹಚ್ಚಿದಳು ಅಂತ ದೂರ ಇಟ್ಟರು. ಅಷ್ಟಾದರೂ ಸೋಮವಾರ ಕಡ್ಡಿ ಗೀರುವುದನ್ನೂ ಬಿಡಲಿಲ್ಲ, ಭಾನುವಾರ ಹುಣಸೂರು ಬಸ್ಸನ್ನೂ ಬಿಡಲಿಲ್ಲ ಅವಳು.

ಈಗ ಆ ಅತ್ತೆಯ ಹೆಣ ಒಳಗಿತ್ತು.

ಚೇತನ ಅವಳನ್ನು ಅಡುಗೆ ಕೋಣೆಗೆ ಎಳೆದುಕೊಂಡು ಹೋದ. ಕಣ್ಣು ಕೆಂಪಗಾಗಿದ್ದವು. "ಅತ್ಗೇ, ನಿಮ್ ಕಾಲ್ಗ್ ಬೀಳ್ತೀನಿ. ಏಳ್ಬುಡಿ. ಭಾನುವಾರ ಮತ್ತೆ ಓಗಿ, ನಿಮ್ಮನ್ ಯಾರ್ ಕಾಯ್ತಾ ಕೂತವ್ರೆ? ಬಾಯ್ಮಾತು ತಾನೆ?"

"ಬಾಯ್ಮಾತೇ ಚೇತು."

"ಮತ್ತಿನ್ನೇನು? ಮೋಡ ನೋಡಿ ಅತ್ಗೇ. ಅವ್ವುನ್ನ ನೀರಲ್ಲಿ ಊಳನ?"

ಅಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು, ಶರತ್ ಪಾಸ್ಟರು. ಸುದ್ದಿ ಹುಣಸೂರಿಗೆ ಮುಟ್ಟಿತ್ತು. "ಧೈರ್ಯವಾಗಿರಿ ಸಿಸ್ಟರ್, ಇಲ್ಲೆಲ್ಲ ಪ್ರಾರ್ಥನೆ ಮಾಡ್ತಿದೀವಿ. ಒಂದು ಮಾತು. ಬಾಯಿಗೆ ಅಕ್ಕಿ ಹಾಕೋದು ಅದೂ ಇದೂ ಏನೂ ಮಾಡ್ಬೇಡಿ. ಅದು ನಿಮ್ಮ ವಿಶ್ವಾಸದ ಸಾಕ್ಷಿಗೆ ಕಳಂಕ."

"ಗುಂಡಿ ತೋಡಾಕೆ ನಾಲ್ಕ್ ಜನ ಕಳಿಸ್ತೀರಾ ಪಾಸ್ಟ್ರೇ?"

"ಅಲ್ಲಿ ಪರಿಸ್ಥಿತಿ ಸರಿ ಇಲ್ವಲ್ಲ ಸಿಸ್ಟರ್. ನಾವು ಬಂದ್ರೆ ಗಲಾಟೆ ಆಗತ್ತೆ."

ಅವಳು ಫೋನು ಇಟ್ಟಳು. ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೀದಿ ಬೀದಿಯೇ ಅವಳ ಬಾಯಿ ನೋಡುತ್ತಿತ್ತು. ಹೇಳಿಬಿಡೋಣ ಅನ್ನಿಸಿತು. ನಾಲಿಗೆಗೆ ಮಾತು ಬಂದೂ ಬಿಟ್ಟಿತು. ಹಿಂದಕ್ಕೆ ತಿರುಗಿ ಅತ್ತೆಯ ಮುಖ ನೋಡಿದಳು. ದವಡೆಗೆ ಬಟ್ಟೆ ಕಟ್ಟಿದ್ದ ಆ ಬಾಯಿ ಈಗ ಏನನ್ನೂ ಉಗಿಯುವ ಹಾಗಿರಲಿಲ್ಲ. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

"ಆಗಾಕಿಲ್ಲ ಯಜಮಾನ್ರೇ," ಅಂದಳು. "ಒಂದ್ಸಲ ಇಲ್ಲ ಅಂದಿದ್ದೆ. ಅವತ್ತು ನಮ್ಮತ್ತೆ ಉಗ್ದಿತ್ತು. ಅದ್ರ ಹೆಣದ ಮುಂದೆ ಎರಡ್ನೇ ಸಲ ಅನ್ನಾಕಿಲ್ಲ."

ಬೇವಿನ ಮರದಡಿ ಮಹೇಂದ್ರ ಮೊಬೈಲಿನಿಂದ ತಲೆ ಎತ್ತಿದ. ಚೆಲುವಯ್ಯ ಅವನ ಕಡೆ ನೋಡಿ, ಇವಳ ಕಡೆ ತಿರುಗಿ, ತೊಡೆ ತಟ್ಟಿಕೊಂಡು ಎದ್ದ.

"ಅಂಗಾದ್ರೆ ನಿಮ್ ಪಾದ್ರೀನೇ ಬಂದು ಎತ್ಲಿ. ಇನ್ನೊಂದ್ ಮಾತು, ತವರಿನ ಸೀರೆ ಬರ್ದೆ ಹೆಂಗೂ ಹೆಣ ಎತ್ತಂಗಿಲ್ಲ. ಅವ್ಳ ತಮ್ಮುಂಗೆ ನಾನೇ ಪೋನ್ ಮಾಡಿವ್ನಿ. ಇಂಗಿಂಗೆ, ಮನೆ ಕುಲ ಕೆಟ್ಟದೆ ಅಂತ ಏಳಿವ್ನಿ. ಬತ್ತನೋ ಬುಡ್ತನೋ."

ಲಕ್ಷ್ಮಿದೇವಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅದೊಂದನ್ನು ಅವಳು ಎಣಿಸಿರಲಿಲ್ಲ. ಹೆಂಗಸು ಎಷ್ಟೇ ವರ್ಷ ಗಂಡನ ಮನೆಯಲ್ಲಿ ಬಾಳಲಿ, ಕೊನೆಗೆ ಅವಳ ಮೈ ಮೇಲೆ ತವರಿನವರು ತಂದ ಸೀರೆ ಬೀಳಬೇಕು. ಅವರು ಬಂದು, ನೋಡಿ, ಒಪ್ಪಿ ಹೊದಿಸದೆ ಯಾರೂ ಹೆಣಕ್ಕೆ ಹೆಗಲು ಕೊಡುವುದಿಲ್ಲ. ಅಂತರಸಂತೆಯ ಆಚೆಗಿನ ಹಳ್ಳಿಯಿಂದ ಅತ್ತೆಯ ತಮ್ಮ ಸಣ್ಣಬೀರಯ್ಯ ಬರಬೇಕು. ಎಚ್.ಡಿ. ಕೋಟೆಗೆ ಒಂದು ಬಸ್ಸು, ಹುಣಸೂರಿಗೆ ಒಂದು, ಪಿರಿಯಾಪಟ್ಟಣಕ್ಕೆ ಒಂದು. ಬಂದರೂ ಯಾವ ಮನಸ್ಸು ಹೊತ್ತು ಬರುತ್ತಾನೆ?

ಮೋಡ ಬೆಟ್ಟದಪುರದ ಬೆಟ್ಟವನ್ನು ಮುಚ್ಚಿತು. ಗಾಳಿ ಎದ್ದು ಬ್ಯಾರನ್‌ನ ಹೊಗೆ ಬೀದಿಗೆ ಇಳಿಯಿತು. ಹೆಂಗಸರು ಒಬ್ಬೊಬ್ಬರೇ ಮುಖ ತಪ್ಪಿಸಿಕೊಂಡು ಮನೆಗೆ ಸರಿದರು. ತಮಟೆಯವರು ತಮಟೆ ಕಾಯಿಸಲು ಹಾಕಿದ್ದ ಬೆಂಕಿ ಆರಿತು. ಲಕ್ಷ್ಮಿದೇವಿ ಹೊಸ್ತಿಲ ಮೇಲೆ ಕೂತೇ ಇದ್ದಳು, ಒಳಗಿನ ಹೆಣಕ್ಕೂ ಹೊರಗಿನ ಬೀದಿಗೂ ನಡುವೆ. ಕೂತ್ಕೋ, ಎದ್ದೋಗ್ಬ್ಯಾಡ ಅಂತ ಮನಸ್ಸಿನಲ್ಲಿ ಅಂದುಕೊಂಡಳು. ಬೇರೆ ಪ್ರಾರ್ಥನೆ ಬರಲಿಲ್ಲ.

ಕೊನೆಗೆ ಬೀದಿಯ ತುದಿಯಲ್ಲಿ ಆಟೋ ನಿಂತಿತು. ಬಿಳೀ ಪಂಚೆ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕಂಕುಳಲ್ಲಿ ಕೊಡೆ. ಸಣ್ಣಬೀರಯ್ಯ.

ಚೆಲುವಯ್ಯ ದಾರಿಯಲ್ಲೇ ಎದುರುಗೊಂಡ. "ಬಾ ಬೀರಣ್ಣ. ನೋಡು ನಮ್ಮ ಪಾಡ. ಪೋನಲ್ಲಿ ಏಳ್ದೆನಲ್ಲ..."

"ಕೇಳಿಸ್ಕಂದಿವ್ನಿ. ದಾರಿ ಬುಡು. ಮೊದ್ಲು ನಮ್ಮಕ್ಕುನ್ನ ನೋಡ್ತೀನಿ."

ಅವನು ಒಳಗೆ ಬಂದ. ಲಕ್ಷ್ಮಿದೇವಿ ಎದ್ದು ಸರಿದಳು, ಅವನು ಅವಳ ಮುಖ ನೋಡಲಿಲ್ಲ. ಅಕ್ಕನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಅಳಲಿಲ್ಲ. ಹೆಣ್ಣು ಕೊಟ್ಟ ಮನೆಯವನು ಆ ದಿನ ನೋಡಬೇಕಾದದ್ದನ್ನು ನೋಡತೊಡಗಿದ. ಹಿಮ್ಮಡಿ ತಿರುಗಿಸಿ ನೋಡಿದ. ಉಗುರು ನೋಡಿದ. ತಲೆಗೂದಲು ಬಿಡಿಸಿ ನೋಡಿದ. ಚೇತನನಿಗೆ ಹೇಳಿ ಹೆಣವನ್ನು ಮುಂದಕ್ಕೆ ಬಾಗಿಸಿ, ಬೆನ್ನ ಮೇಲಿನ ಸೀರೆ ಸರಿಸಿ ನೋಡಿದ. ಅಷ್ಟು ಕಾಲ ಮಲಗಿದ್ದ ಬೆನ್ನು, ಒಂದು ಹುಣ್ಣಿಲ್ಲ. ಅಂಗೈಯಿಂದ ಆ ಬೆನ್ನನ್ನು ಒಂದು ಸಲ ಸವರಿದ.

ಆಮೇಲೆ ತಲೆ ಎತ್ತಿ ಗೋಡೆಯ ಗೂಡು ನೋಡಿದ. ದೀಪದಲ್ಲಿ ಎಣ್ಣೆ ಇನ್ನೂ ಇತ್ತು, ಬತ್ತಿಯ ತುದಿ ಕರಕಾಗಿತ್ತು.

"ಇದ್ಯಾರು ಅಚ್ಚಿದ್ದು?"

ಬಾಗಿಲಲ್ಲಿ ಚೆಲುವಯ್ಯ ಬಂದು ನಿಂತಿದ್ದ. ಚೇತನ ಅತ್ತಿಗೆಯ ಕಡೆ ನೋಡಿದ.

"ಕಡ್ಡಿ ಗೀರಿದ್ದು ನಾನು ಮಾವ. ಕೈ ಮುಗ್ದಿದ್ದು ಅತ್ತೆ," ಅಂದಳು ಲಕ್ಷ್ಮಿದೇವಿ.

"ನೀನು ಮುಗೀಲಿಲ್ವಾ?"

ಇಲ್ಲೊಂದು ಸುಳ್ಳು ಹೇಳಿದ್ದರೆ ಎಲ್ಲ ಸಲೀಸಾಗುತ್ತಿತ್ತು. "ಇಲ್ಲ ಮಾವ. ನಾನು ಯೇಸಪ್ಪುನ್ ಒಕ್ಕಲು."

ಸಣ್ಣಬೀರಯ್ಯನ ಮೀಸೆ ಅದುರಿತು. "ನಿನ್ ದೇವ್ರು ನಂಗೆ ಇಡ್ಸಾಕಿಲ್ಲ ಕಣವ್ವ. ನಮ್ ಮನೇಲಾಗಿದ್ರೆ ನಿನ್ನ ಒಳೀಕ್ ಬುಡ್ತಿರ್ಲಿಲ್ಲ. ಮುಚ್ಚುಮರೆ ಯಾಕೆ." ಹಾಗಂದು ಪ್ಲಾಸ್ಟಿಕ್ ಕವರಿನಿಂದ ಹಸಿರು ಸೀರೆ ಹೊರಗೆ ತೆಗೆದ. ತೆಗೆದು, ಹೊದಿಸದೆ, ಕೈಯಲ್ಲೇ ಹಿಡಿದುಕೊಂಡು ಚೆಲುವಯ್ಯನ ಕಡೆ ತಿರುಗಿದ.

"ಯಜಮಾನ್ರೇ, ಮೂರು ವರ್ಸದಲ್ಲಿ ನಮ್ಮಕ್ಕುನ್ನ ನೋಡಾಕೆ ನೀವೆಷ್ಟ್ ಸಲ ಬಂದಿದ್ರಿ?"

ಚೆಲುವಯ್ಯ ಗಂಟಲು ಸರಿಮಾಡಿಕೊಂಡ. "ಅದಲ್ಲ ಬೀರಣ್ಣ, ಕುಲದ ಮಾತು..."

"ಈ ಸೀರೆ ಬೀಳೋಗಂಟ ಇವ್ಳು ನಮ್ಮನೆ ಹೆಣ. ಕುಲದ ಕಟ್ಲೆ ಅದೇ ತಾನೆ? ನೀವು ಮಣ್ ಮಾಡಾಕಿಲ್ಲ ಅಂದ್ರೆ ಏಳಿ. ಗಾಡಿ ಮಾಡ್ಕಂದು ಈಗ್ಲೇ ನಮ್ಮೂರ್ಗೆ ಒತ್ಕಂದೋಯ್ತೀನಿ. ದಾರಿ ಉದ್ದುಕ್ಕೂ ಕೇಳ್ದೋರ್ಗೆಲ್ಲ ಏಳ್ತೀನಿ, ಮುದ್ದನಕೊಪ್ಪಲೋರು ಸೊಸೆ ಮ್ಯಾಲಿನ ಸಿಟ್ಗೆ ಅತ್ತೆ ಹೆಣಾನ ಮಳೇಲಿ ಕೂರಿಸಿದ್ರು ಅಂತ. ಆಮ್ಯಾಕೆ ಈ ಬೀದಿಗೆ ಹೆಣ್ ಕೊಡೋರು ಯಾರ್ ಬತ್ತರೆ ನೋಡನ."

ಹೊರಗೆ ನಿಂತ ಗಂಡಸರಿಗೂ ಅದು ಕೇಳಿಸಿತು. ಮದುವೆಗೆ ಬಂದ ಮಕ್ಕಳಿದ್ದವರು ಅವರು. ಒಬ್ಬ ಗುಂಪಿನಿಂದ ಸರಿದು ಮನೆಗೆ ಹೋದ, ಬರುವಾಗ ಹೆಗಲ ಮೇಲೆ ಹಾರೆ ಇತ್ತು. ಇನ್ನೊಬ್ಬ ಅವನ ಹಿಂದೆ ಹೊರಟ. ಚೆಲುವಯ್ಯ ಬೇವಿನ ಮರದ ಕಡೆ ನೋಡಿದ. ಬುಲೆಟ್ಟು ಸದ್ದು ಮಾಡಿಕೊಂಡು ಮೇಗಲ ಕೇರಿಗೆ ಹೊರಟಿತ್ತು. ಅದು ಹೋದ ದಿಕ್ಕನ್ನೇ ಸ್ವಲ್ಪ ಹೊತ್ತು ನೋಡಿ, ಚೆಲುವಯ್ಯ ಟವೆಲ್ಲು ಕೊಡವಿ ತಲೆಗೆ ಸುತ್ತಿಕೊಂಡ. "ಲೇ ಐಕ್ಳಾ, ಏನ್ ನೋಡ್ತಾ ನಿಂತಿದ್ದೀರ್ಲಾ? ಮಳೆ ಬತ್ತಾ ಅದೆ, ನಡೀರಿ!" ಅಂತ ಕೂಗಿದ, ಅಷ್ಟು ಹೊತ್ತೂ ಅವರನ್ನು ತಡೆದು ನಿಲ್ಲಿಸಿದ್ದವನು ಬೇರೆ ಯಾರೋ ಅನ್ನುವ ಹಾಗೆ.

ಸಣ್ಣಬೀರಯ್ಯ ಸೀರೆ ಹೊದಿಸಿದ. ಆಗ ಅತ್ತ.

ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ ಲಕ್ಷ್ಮಿದೇವಿ ಮುಂದೆ ಬಂದಳು. ಪಾಸ್ಟರ ಮಾತು ನೆನಪಿತ್ತು. ಬೀದಿಯವರೂ ಇವಳು ಹಾಕುತ್ತಾಳೋ ಇಲ್ಲವೋ ಅಂತ ಕಣ್ಣಿಟ್ಟಿದ್ದರು. ಅವಳು ಯಾರ ಕಡೆಯೂ ನೋಡಲಿಲ್ಲ. ಅಂಬಲಿ ಕುಡಿಸುವಾಗ ಹಿಡಿಯುತ್ತಿದ್ದ ಹಾಗೆಯೇ ಎಡಗೈಯಲ್ಲಿ ಅತ್ತೆಯ ಗದ್ದ ಹಿಡಿದು, ಬಲಗೈಯ ಅಕ್ಕಿಯನ್ನು ತುಟಿಗೆ ಇಟ್ಟಳು. ಚೆಲ್ಲಿದ ಕಾಳನ್ನು ಸೆರಗಿನಿಂದ ಒರೆಸಿದಳು. ಅಭ್ಯಾಸ.

ಗುಂಡಿ ಮುಚ್ಚುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಅಲ್ಲಿ ಜೋರಾಗಿ ಪ್ರಾರ್ಥನೆ ಮಾಡಬೇಕು ಅಂತ ಅಂದುಕೊಂಡಿದ್ದಳು. ಆಗಲಿಲ್ಲ. ಭಯ ಇತ್ತು. ಒಂದು ಹಿಡಿ ಮಣ್ಣು ಹಾಕಿ ಹಿಂದಕ್ಕೆ ಸರಿದಳು.

ಮಹೇಂದ್ರನ ಬ್ಯಾರನ್‌ಗೆ ಆಮೇಲೆ ಅವಳನ್ನು ಕರೆಯಲಿಲ್ಲ. ಬೀದಿಯ ಮಿಕ್ಕ ಹೆಂಗಸರನ್ನು ಕರೆದರು, ಅವರು ಹೋದರು. ಶನಿವಾರ ಶರತ್ ಪಾಸ್ಟರು ಬಂದರು. ಚಾಪೆ ಮೇಲೆ ಕೂತು, "ಎಲ್ಲರ ಮುಂದೆ ಕರ್ತನ ಹೆಸರು ಹೇಳಿದ್ರಂತೆ, ಸ್ತೋತ್ರ. ಆದ್ರೆ ಅಕ್ಕಿ ಹಾಕಿದ್ರಂತಲ್ಲ ಸಿಸ್ಟರ್" ಅಂದರು.

"ಆಕ್ದೆ ಪಾಸ್ಟ್ರೇ. ಮೂರು ವರ್ಸ ನಾನು ಉಣ್ಸಿದ್ ಬಾಯಿ. ಕಡೇ ತುತ್ತು ಬ್ಯಾರೆಯೋರ್ ಕೈಗೆ ಕೊಡ್ಬೇಕಿತ್ತಾ?"

ಅವರು ಟೀ ಲೋಟ ತಿರುಗಿಸುತ್ತಾ ಕೂತರು. "ಅವತ್ತು ನಾನು ಬರ್ಬೇಕಿತ್ತು," ಅಂದರು.

"ಬರ್ಬೇಕಿತ್ತು," ಅಂದಳು ಲಕ್ಷ್ಮಿದೇವಿ. ಸಮಾಧಾನದ ಮಾತು ಹೇಳಲಿಲ್ಲ. ಟೀ ಆರುತ್ತದೆ ಕುಡೀರಿ ಅಂದಳು.

ಸೋಮವಾರ ಬಂತು. ಸಾಯಂಕಾಲ ಕಸ ಗುಡಿಸಿ, ಕೈ ತೊಳೆದುಕೊಂಡು, ಗೊತ್ತಿಲ್ಲದೆ ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡು ಗೂಡಿನ ಮುಂದೆ ನಿಂತಿದ್ದಳು. ಕಡ್ಡಿಯನ್ನೂ ತೆಗೆದಿದ್ದಳು. ಆಮೇಲೆ ನೆನಪಾಯಿತು. ಯಾರ ಕೈ ಜೋಡಿಸುವುದು ಈಗ? ಕಡ್ಡಿಯನ್ನು ಪೊಟ್ಟಣಕ್ಕೆ ಸೇರಿಸಿ ಗೂಡಿನಲ್ಲಿ ಇಟ್ಟಳು. ದೀಪವನ್ನು ತೆಗೆದು ಎಸೆಯಲಿಲ್ಲ. ಸೆರಗಿನಿಂದ ಧೂಳು ಒರೆಸಿ ಅಲ್ಲೇ ಬಿಟ್ಟಳು. ಚೇತನ ಬಂದರೆ ಹಚ್ಚುತ್ತಾನೆ.

ಅಷ್ಟು ವರ್ಷ ಅವಳು ಪ್ರಾರ್ಥನೆ ಮಾಡಿದ್ದು ಬಾಗಿಲು ಹಾಕಿಕೊಂಡು, ತುಟಿ ಅಲ್ಲಾಡಿಸದೆ. ಆ ಸಾಯಂಕಾಲ ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. ಅತ್ತೆ ಮಲಗುತ್ತಿದ್ದ ಜಾಗದಲ್ಲಿ, ಬೀದಿಗೆ ಕಾಣುವ ಹಾಗೆ, ನೆಲದ ಮೇಲೆ ಕೂತಳು.

"ಯೇಸಪ್ಪಾ," ಅಂದಳು. ತನ್ನ ದನಿಗೆ ತಾನೇ ಬೆಚ್ಚಿದಳು.

ಹೊರಗೆ ಚೆಲುವಯ್ಯ ಹೋಗುತ್ತಿದ್ದ. ಬಾಗಿಲ ನೇರಕ್ಕೆ ಬಂದು ಅವನ ನಡಿಗೆ ನಿಂತಿತು. ಒಳಗೆ ನೋಡಿದ. ಲಕ್ಷ್ಮಿದೇವಿ ಕಣ್ಣು ಮುಚ್ಚಲಿಲ್ಲ, ದನಿಯನ್ನೂ ಇಳಿಸಲಿಲ್ಲ.

"ಜೊತೇಲಿ ಕೂತ್ಕೋ. ಎದ್ದೋಗ್ಬ್ಯಾಡ. ಆ ಯಜಮಾನ್ರ ಜೊತೇಲೂ ಕೂತ್ಕೋ, ಅವ್ರುಗೂ ಬೋ ಭಯ ಅದೆ."